ಮನೆಯ ಕಣಜ: ಅಲ್ಪ ಆದಾಯದಲ್ಲಿ ಆಹಾರ ದಾಸ್ತಾನು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಮಹಿಳಾ ಗೋಷ್ಠಿಯಲ್ಲಿ ನಿವೃತ್ತ ಗೃಹವಿಜ್ಞಾನ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ದೇಶದಲ್ಲಿ ಕೃಷಿ ಸಹಕಾರ ಸಂಘ ಅನ್ನೋದು ಮೊದಲು ಹುಟ್ಟಿದ್ದು ನಮ್ಮ ನಾಡಿನಲ್ಲೇ. 1905ರಲ್ಲಿ, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಅದು ಶುರುವಾಯಿತು. ರೈತ ಬಡ್ಡಿ ಸಾಹುಕಾರನ ಬಾಗಿಲಿಗೆ ಹೋಗೋದು ತಪ್ಪಬೇಕು ಅನ್ನೋದೇ ಅದರ ಮೂಲ ಉದ್ದೇಶ. ನಾನು ಇವತ್ತು ಮಾತಾಡೋ ವಿಷಯವೂ ಅದೇ. ಆದರೆ ಸಂಘದ ಲೆಕ್ಕದ ಪುಸ್ತಕದಿಂದ ಅಲ್ಲ, ನಿಮ್ಮ ಅಡುಗೆಮನೆಯಿಂದ ಮಾತಾಡ್ತೀನಿ.

ಸಾಲ ಯಾವಾಗ ಶುರುವಾಗುತ್ತೆ ಅಂತ ಸ್ವಲ್ಪ ಯೋಚನೆ ಮಾಡಿ. ಮದುವೆಗೆ, ಕಾಯಿಲೆಗೆ, ಬೋರ್‌ವೆಲ್ಲಿಗೆ ಮಾಡೋ ದೊಡ್ಡ ಸಾಲ ಎಲ್ಲರ ಕಣ್ಣಿಗೂ ಕಾಣುತ್ತೆ. ಕಾಣದೇ ಇರೋ ಸಾಲ ಒಂದಿದೆ. ಆಷಾಢ ಬಂತು ಅಂದರೆ ಗುಡಾಣ ಬರಿದಾಗುತ್ತೆ. ಹೊಲದಲ್ಲಿ ಬಿತ್ತನೆ ಆಗಿದೆ, ಕೈಯಲ್ಲಿ ಕಾಸಿಲ್ಲ. ಆಗ ಅಂಗಡಿಯಲ್ಲಿ ಬರೆಸಿ ತರ್ತೀವಿ. ಹಿಂದೆಲ್ಲಾ ಒಂದು ಪಲ್ಲ ರಾಗಿ ಈಸಿಕೊಂಡರೆ ಸುಗ್ಗಿಯಲ್ಲಿ ಒಂದೂಕಾಲು ಪಲ್ಲ, ಒಂದೂವರೆ ಪಲ್ಲ ಅಳೆದು ಕೊಡಬೇಕಿತ್ತು. ಈಗ ಪಲ್ಲದ ಮಾತು ಹೋಗಿದೆ, ಆದರೆ ಬರೆಸಿ ತರೋ ಚೀಟಿ ಉಳಿದಿದೆ. ಆ ಚೀಟಿ ತೀರಿಸೋಕೆ ಸುಗ್ಗಿಯಲ್ಲಿ ಕಣದಿಂದಲೇ ರಾಗಿ ಮಾರಿ ಬಿಡ್ತೀವಿ. ಮಾರಿದ್ದರಿಂದ ಮತ್ತೆ ಆಷಾಢಕ್ಕೆ ಗುಡಾಣ ಬರಿದು. ಗಾಣದೆತ್ತಿನ ಹಾಗೆ ವರ್ಷಾ ವರ್ಷಾ ಸುತ್ತಿದ್ದೇ ಸುತ್ತು.

ಈ ಸುತ್ತು ಎಲ್ಲಾದರೂ ಒಂದು ಕಡೆ ಕಡಿಬೇಕು. ಕಡಿಯೋಕೆ ದೊಡ್ಡ ದುಡ್ಡು ಬೇಕಾಗಿಲ್ಲ, ಕ್ರಮ ಬೇಕು. ನಾನು ಹೇಳಬೇಕು ಅಂತ ಬಂದಿರೋದು ಇಷ್ಟೇ: ಮನೆಯಲ್ಲಿ ಕಾಳು ಕೂಡಿಡೋದು ಸಿರಿವಂತರ ಕೆಲಸ ಅಲ್ಲ. ಕಡಿಮೆ ವರಮಾನದವರಿಗೇ ಅದು ಹೆಚ್ಚು ಬೇಕು, ಅವರ ಕೈಲೂ ಅದು ಆಗುತ್ತೆ.

ಹಿರಿಯರು ಏನು ಮಾಡಿದ್ದರು?

ನಮ್ಮ ಸೀಮೆಯ ಹಳೇ ಮನೆಗಳನ್ನು ನೋಡಿದ್ದೀರಲ್ಲ? ಕಣಜ ಇತ್ತು, ವಾಡೆ ಇತ್ತು, ಸಾಲಾಗಿ ಗುಡಾಣ ಇದ್ದವು, ಮನೆ ಮುಂದೆಯೋ ಊರ ದಿಣ್ಣೆಯಲ್ಲೋ ಹಗೇವು ಇತ್ತು. ನೀರು ನಿಲ್ಲದ ಎತ್ತರದ ಜಾಗ ನೋಡಿ, ಬಾಯಿ ಕಿರಿದು, ಹೊಟ್ಟೆ ಅಗಲ ಮಾಡಿ ಗುಂಡಿ ತೋಡೋರು. ಸುತ್ತ ಹುಲ್ಲು ಒತ್ತಿ, ಒಣಗಿದ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತೋರು. ವರ್ಷಗಟ್ಟಲೆ ಆ ರಾಗಿ ಕೆಡ್ತಾ ಇರಲಿಲ್ಲ. ಯಾಕೆ ಅಂದ್ರೆ ಕಾಳೂ ಉಸಿರಾಡುತ್ತೆ. ಮುಚ್ಚಿದ ಗುಂಡಿಯೊಳಗೆ ಇದ್ದ ಪ್ರಾಣವಾಯು ತೀರಿ ಹೋದ ಮೇಲೆ ಹುಳುವಿಗೆ ಉಸಿರಿಲ್ಲ. ಔಷಧಿ ಇಲ್ಲದೆ, ಕಾಸಿನ ಖರ್ಚಿಲ್ಲದೆ ಹುಳ ಸಾಯುತ್ತಿತ್ತು. ಹಾಗಾಗಿಯೇ ಹಗೇವು ತೆಗೆದ ತಕ್ಷಣ ಯಾರೂ ಇಳೀತಾ ಇರಲಿಲ್ಲ. ಚಪ್ಪಡಿ ಸರಿಸಿ ಬಹಳ ಹೊತ್ತು ಗಾಳಿಯಾಡೋಕೆ ಬಿಟ್ಟು, ದೀಪ ಹಚ್ಚಿ ಒಳಗೆ ಇಳಿಬಿಟ್ಟು ನೋಡೋರು. ದೀಪ ಆರಿದರೆ ಮನುಷ್ಯ ಇಳಿಯೋ ಹಾಗಿಲ್ಲ. ಈ ಎಚ್ಚರ ಮರೆತು ಇಳಿದು ಜೀವ ಕಳಕೊಂಡವರೂ ಉಂಟು. ಎಲ್ಲಾದರೂ ಹಳೇ ಹಗೇವು ಇದ್ದರೆ ಮಕ್ಕಳಿಗೆ ಈ ಮಾತು ತಪ್ಪದೆ ಹೇಳಿ. ದೀಪ ಉರಿದರೂ ಒಬ್ಬರೇ ಇಳಿಯೋದು ಬೇಡ.

ಕನಕದಾಸರ ರಾಮಧಾನ್ಯ ಚರಿತೆಯ ಕಥೆ ನಿಮಗೆ ಗೊತ್ತೇ ಇದೆ. ನೆಲ್ಲು ಹೆಚ್ಚೋ ರಾಗಿ ಹೆಚ್ಚೋ ಅಂತ ಜಗಳ ಬಂದಾಗ ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸಿದ. ತೆಗೆದು ನೋಡಿದಾಗ ನೆಲ್ಲು ಸೊರಗಿತ್ತು, ರಾಗಿ ಇಟ್ಟ ಹಾಗೇ ಇತ್ತು. ಕಥೆ ಭಕ್ತಿಯದೂ ಹೌದು, ಬಡವರ ಮಾನದ್ದೂ ಹೌದು. ಅದರೊಳಗೆ ದಾಸ್ತಾನಿನ ಅನುಭವವೂ ಇದೆ. ರಾಗಿಕಾಳು ಬಹಳ ಚಿಕ್ಕದು, ಗಟ್ಟಿ. ಅಕ್ಕಿಯನ್ನು ಕೊರೆಯೋ ಸೊಂಡಿಲು ಹುಳುವಿಗೆ ಅದರೊಳಗೆ ಮನೆ ಮಾಡೋಕೆ ಜಾಗವೇ ಸಾಲದು. ಅದಕ್ಕೇ ಅದು ಬಾಳಿಕೆ ಬರುತ್ತೆ.

1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ಸೀಮೆಗೆ ದೊಡ್ಡ ಬರ ಬಂತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷ ಇದ್ದ ಸಂಸ್ಥಾನದ ಜನಸಂಖ್ಯೆ 1881ರ ಜನಗಣತಿ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಅದನ್ನು ಕಂಡ ತಲೆಮಾರಿಗೆ ಕಣಜ ಅಂದರೆ ಒಂದು ಜೀವದ ಮಾತು. ಈಗ ಅಂಥ ಬರ ಬಂದರೆ ಸರ್ಕಾರದ ಗೋದಾಮು ಇದೆ, ನ್ಯಾಯಬೆಲೆ ಅಂಗಡಿ ಇದೆ, 2013ರಿಂದ ಅನ್ನಭಾಗ್ಯ ಇದೆ. ಆದರೂ 2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿತಲ್ಲ, ನೆನಪಿದೆಯಾ? ಬಸ್ಸು ನಿಂತವು, ಸಂತೆ ನಿಂತವು, ಕೂಲಿ ನಿಂತಿತು. ಆ ದಿನಗಳಲ್ಲಿ ಗುಡಾಣದಲ್ಲಿ ರಾಗಿ, ಡಬ್ಬದಲ್ಲಿ ಹುರುಳಿ, ಜಾಡಿಯಲ್ಲಿ ಉಪ್ಪಿನಕಾಯಿ ಇದ್ದ ಮನೆಯವರು ಎಷ್ಟು ನೆಮ್ಮದಿಯಾಗಿದ್ದರು, ಇಲ್ಲದವರು ಎಷ್ಟು ಒದ್ದಾಡಿದರು ಅಂತ ನಾನು ಹೇಳಬೇಕಾಗಿಲ್ಲ.

ಮೊದಲು ಲೆಕ್ಕ

"ಮೇಡಂ, ದಿನದ ಕೂಲಿ ದಿನಕ್ಕೇ ಸಾಲಲ್ಲ, ಇನ್ನು ಕೂಡಿಡೋದು ಎಲ್ಲಿಂದ?" ಅಂತ ಕೇಳ್ತೀರಿ. ನ್ಯಾಯವಾದ ಪ್ರಶ್ನೆ. ಅದಕ್ಕೆ ಮೊದಲು ಲೆಕ್ಕ ಮಾಡೋಣ.

ಅಡುಗೆಮನೆ ಬಾಗಿಲ ಹಿಂದೆ ಒಂದು ಸೀಮೆಸುಣ್ಣ ಇಡಿ. ಹದಿನೈದು ದಿನ, ಪ್ರತಿ ಸಲ ಅಳೆದುಕೊಂಡಾಗ ಒಂದೊಂದು ಗೀಟು ಹಾಕಿ. ಅಕ್ಕಿಗೊಂದು ಸಾಲು, ರಾಗಿಗೊಂದು ಸಾಲು, ಬೇಳೆಗೊಂದು ಸಾಲು. ಓದು ಬರಹ ಬರದಿದ್ದರೂ ಇದು ಆಗುತ್ತೆ. ಹದಿನೈದು ದಿನ ಕಳೆದ ಮೇಲೆ ನಿಮ್ಮ ಮನೆ ಎಷ್ಟು ತಿನ್ನುತ್ತೆ ಅಂತ ನಿಮಗೇ ಗೊತ್ತಾಗುತ್ತೆ. ಬೇರೆಯವರ ಪಟ್ಟಿ ನೋಡಿ ಸಾಮಾನು ತರಬೇಡಿ. ನಿಮ್ಮ ಮನೆಯವರು ತಿನ್ನದ್ದನ್ನು ಕೂಡಿಟ್ಟರೆ ಅದು ಹುಳುವಿಗೇ ಊಟ.

ಮೈಮುರಿದು ದುಡಿಯೋ ಐದು ಜನರ ಮನೆಗೆ ದಿನಕ್ಕೆ ಸುಮಾರು ಎರಡು ಕೆಜಿ ಧಾನ್ಯ, ಕಾಲು ಕೆಜಿ ಬೇಳೆಕಾಳು ಅಂತ ಇಟ್ಕೊಳ್ಳೋಣ. ಹದಿನೈದು ದಿನಕ್ಕೆ 30 ಕೆಜಿ ಧಾನ್ಯ, ನಾಲ್ಕು ಕೆಜಿಗೆ ಸ್ವಲ್ಪ ಕಮ್ಮಿ ಬೇಳೆಕಾಳು. ಇದೇ ನಿಮ್ಮ ಮೊದಲ ಗುರಿ. ಒಂದು ವರ್ಷದ್ದು ಒಂದೇ ಸಲ ಕೂಡಿಡೋಕೆ ಹೋಗಬೇಡಿ. ಮೊದಲು ಹದಿನೈದು ದಿನ, ಆಮೇಲೆ ಒಂದು ತಿಂಗಳು, ಆಮೇಲೆ ಆಷಾಢ ಶ್ರಾವಣ ದಾಟುವಷ್ಟು ಮೂರು ತಿಂಗಳು.

ಈಗ ಎಲ್ಲಿಂದ ಅನ್ನೋದು. ನಮ್ಮ ಅಜ್ಜಿಯರ ಕಾಲದ ಮುಷ್ಟಿ ಗಡಿಗೆ ನೆನಪಿದೆಯಾ? ಅಡುಗೆಗೆ ಅಳೆದುಕೊಂಡ ಮೇಲೆ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕೋರು. ಹೊತ್ತಿಗೆ ಒಂದು ಹಿಡಿ, ದಿನಕ್ಕೆ ಎರಡು ಹಿಡಿ. ಒಂದು ಹಿಡಿ 50 ಗ್ರಾಂ ಅಂದ್ಕೊಂಡರೂ ದಿನಕ್ಕೆ ನೂರು ಗ್ರಾಂ, ತಿಂಗಳಿಗೆ ಮೂರು ಕೆಜಿ, ಹತ್ತು ತಿಂಗಳಿಗೆ 30 ಕೆಜಿ. ಅಂದ್ರೆ ನಾನು ಆಗಲೇ ಹೇಳಿದ ಹದಿನೈದು ದಿನದ ಧಾನ್ಯ ಹಿಡಿ ಹಿಡಿಯಲ್ಲೇ ಬಂದುಬಿಡ್ತು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಅನ್ನೋದು ಸುಮ್ಮನೆ ಅಲ್ಲ.

ಆದರೆ ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಆ ಹಿಡಿ ಯಾರ ತಟ್ಟೆಯಿಂದ ಬರುತ್ತೆ? ನಮ್ಮ ಮನೆಗಳಲ್ಲಿ ಎಲ್ಲರದೂ ಆದ ಮೇಲೆ ಕೊನೆಗೆ ಉಣ್ಣೋರು ಹೆಂಗಸರು. ಒಂದು ಹಿಡಿ ಕಮ್ಮಿ ಬೇಯಿಸಿದರೆ ಕಮ್ಮಿಯಾಗೋದು ಅವಳ ತಟ್ಟೆಯಲ್ಲೇ. ಬಸುರಿ ಬಾಣಂತಿಯ ಹೊಟ್ಟೆ ಸುಟ್ಟು ಗಡಿಗೆ ತುಂಬಿಸೋದು ಉಳಿತಾಯ ಅಲ್ಲ, ಅದು ಇನ್ನೊಂದು ಥರದ ಸಾಲ. ಆಸ್ಪತ್ರೆಯಲ್ಲಿ ತೀರಿಸಬೇಕಾಗುತ್ತೆ. ದಿನಾ ಅನ್ನ ಮಿಕ್ಕಿ ಕಲಗಚ್ಚಿಗೆ ಹೋಗೋ ಮನೆ ಇದ್ದರೆ ಅಲ್ಲಿಂದ ಹಿಡಿ ತೆಗೀರಿ. ಮಿಕ್ಕೋದೇ ಇಲ್ಲದ ಮನೆಯಲ್ಲಿ ತೆಗೆಯೋದು ಬೇಡ. ಅಂಥವರಿಗೆ ಬೇರೆ ಮೂರು ದಾರಿ ಇವೆ.

ಮೂರು ದಾರಿ

ಮೊದಲನೇದು, ಕಣದಲ್ಲೇ ಎತ್ತಿಡೋದು. ಸ್ವಂತ ಹೊಲ ಇರೋರು ಮಾರೋ ಮೊದಲು ಮನೆಯ ಪಾಲು ಅಳೆದು ಒಳಗೆ ಹಾಕಿ. ದಿನಕ್ಕೆ ಒಂದು ಕೆಜಿ ರಾಗಿ ಅಂದ್ರೂ ವರ್ಷಕ್ಕೆ 365 ಕೆಜಿ. ನೆಂಟರಿಷ್ಟರು, ಹಬ್ಬ ಹುಣ್ಣಿಮೆ ಸೇರಿಸಿ ನಾಲ್ಕು ಕ್ವಿಂಟಾಲ್ ಅನ್ನಿ. ಲೆಕ್ಕಕ್ಕೆ ಅಂತ ಹೇಳ್ತೀನಿ, ಕಣದಲ್ಲಿ ಕೆಜಿಗೆ 30 ರೂಪಾಯಿ ಹಾಗೆ ಮಾರಿ, ಆಷಾಢದಲ್ಲಿ 40 ಕೊಟ್ಟು ತಂದರೆ ಕ್ವಿಂಟಾಲಿಗೆ ಸಾವಿರ ರೂಪಾಯಿ ಕೈಬಿಟ್ಟಿತು. ನಾಲ್ಕು ಕ್ವಿಂಟಾಲಿಗೆ ನಾಲ್ಕು ಸಾವಿರ. ಅದು ನಿಮ್ಮ ಹೊಲದ್ದೇ ರಾಗಿ! ಇಲ್ಲಿ ಕೂತಿರೋ ಗಂಡಸರಿಗೂ ಒಂದು ಮಾತು. ಕಣದಲ್ಲಿ ದರ ಮಾತಾಡೋ ಮೊದಲು ಮನೆಯಾಕೆಯನ್ನು ಒಂದು ಮಾತು ಕೇಳಿ. ಗುಡಾಣದ ತಳ ಎಷ್ಟು ದೂರ ಇದೆ ಅನ್ನೋದು ಅವಳಿಗೇ ಗೊತ್ತಿರೋದು.

ಎರಡನೇದು, ಕಾಲ ನೋಡಿ ಕೊಳ್ಳೋದು. ಹೊಲ ಇಲ್ಲದೋರಿಗೂ ಇದು ಆಗುತ್ತೆ. ಯಾವ ಸಾಮಾನಾದರೂ ಹೊಸದಾಗಿ ಬಂದಾಗ ಸಾಮಾನ್ಯವಾಗಿ ಬೆಲೆ ಇಳಿದಿರುತ್ತೆ. ಸಂಕ್ರಾಂತಿ ಹೊತ್ತಿಗೆ ರಾಗಿ, ಅವರೆ, ಹುರುಳಿ. ಆಮೇಲೆ ತೊಗರಿ. ಶಿವರಾತ್ರಿಯಿಂದ ಯುಗಾದಿವರೆಗೆ ಹುಣಸೆಹಣ್ಣು, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ. ಬೇಸಿಗೆಯಲ್ಲಿ ಮಾವಿನಕಾಯಿ. ತಿಂಗಳಿಗೆ ಒಂದೇ ಸಾಮಾನು ಅಂತ ಗೊತ್ತುಮಾಡಿಕೊಳ್ಳಿ. ಈ ತಿಂಗಳು ಹುಣಸೆಹಣ್ಣು ಅಂದ್ರೆ ಹುಣಸೆಹಣ್ಣೇ. ಮುಂದಿನ ತಿಂಗಳು ಮೆಣಸಿನಕಾಯಿ. ದಿನಾ ಹತ್ತು ರೂಪಾಯಿ ಪೊಟ್ಟಣದಲ್ಲಿ ತರೋ ಹುಣಸೆಹಣ್ಣಿನ ದುಡ್ಡು ವರ್ಷಕ್ಕೆ ಎಷ್ಟಾಯಿತು ಅಂತ ಒಂದು ಸಲ ಕೂಡಿ ನೋಡಿ, ನಿಮಗೇ ಗಾಬರಿಯಾಗುತ್ತೆ. ಬೀಜ ನಾರು ತೆಗೆದು, ಸ್ವಲ್ಪ ಉಪ್ಪು ಬೆರೆಸಿ, ಮಣ್ಣಿನ ಗಡಿಗೆಯಲ್ಲೋ ಜಾಡಿಯಲ್ಲೋ ಒತ್ತಿಟ್ಟರೆ ಹುಣಸೆಹಣ್ಣು ವರ್ಷಪೂರ್ತಿ ಇರುತ್ತೆ. ತಾಮ್ರ, ಹಿತ್ತಾಳೆ, ತಗಡಿನ ಪಾತ್ರೆಯಲ್ಲಿ ಮಾತ್ರ ಇಡಬೇಡಿ, ಹುಳಿಗೆ ಲೋಹ ಬಿಟ್ಟುಕೊಳ್ಳುತ್ತೆ.

ಮೂರನೇದು, ಬಿಸಿಲು. ನಮ್ಮ ಸೀಮೆಯಲ್ಲಿ ಮಾಘದಿಂದ ವೈಶಾಖದವರೆಗೆ ದೇವರು ಪುಕ್ಕಟೆ ಕೊಡೋ ಸಾಮಾನು ಅದು. ಸಂತೆಯಲ್ಲಿ ಕೇಳೋರಿಲ್ಲದೆ ಬಿದ್ದಿರೋ ಗೋರಿಕಾಯಿ, ಬೆಂಡೆಕಾಯಿ, ಹಾಗಲಕಾಯಿ ಹೆಚ್ಚಿ, ಉಪ್ಪು ಹಾಕಿ ಒಣಗಿಸಿ. ಹಸಿಮೆಣಸಿನಕಾಯಿ ಸೀಳಿ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿ. ರಾಗಿ ಸಂಡಿಗೆ, ಅಕ್ಕಿ ಸಂಡಿಗೆ, ಹಪ್ಪಳ ನಿಮಗೆ ನಾನು ಕಲಿಸಬೇಕೇ? ಉಪ್ಪಿನಕಾಯಿಗೆ ಉಪ್ಪು ಜಿಪುಣತನ ಮಾಡಬೇಡಿ. ನಾಲ್ಕು ಪಾವು ಹೋಳಿಗೆ ಒಂದು ಪಾವು ಉಪ್ಪು ಅನ್ನೋದು ಹಳೇ ಲೆಕ್ಕ. ಬೂಸ್ಟು ಬರದ ಹಾಗೆ ಕಾಯೋದು ಆ ಉಪ್ಪೇ. ಆದರೆ ಉಪ್ಪು ಹೆಚ್ಚಿರೋ ಈ ಪದಾರ್ಥಗಳು ನಂಜಿಕೊಳ್ಳೋಕೆ, ಹೊಟ್ಟೆ ತುಂಬಿಸಿಕೊಳ್ಳೋಕೆ ಅಲ್ಲ. ರಕ್ತದೊತ್ತಡ ಇರೋರು ನಾಲಿಗೆ ಹಿಡಿತದಲ್ಲಿ ಇಟ್ಟುಕೊಳ್ಳಬೇಕು.

ಕೂಡಿಟ್ಟಿದ್ದು ಉಳಿಬೇಕಲ್ಲ?

ಕೂಡಿಡೋದು ಅರ್ಧ ಕೆಲಸ, ಕಾಪಾಡೋದು ಇನ್ನರ್ಧ. ಹುಳ, ಇಲಿ, ತೇವ, ಈ ಮೂರು ನಮ್ಮ ಪಾಲುದಾರರು. ಒಂದು ಇಲಿ ದಿನಕ್ಕೆ ಸುಮಾರು 25 ಗ್ರಾಂ ಕಾಳು ತಿನ್ನುತ್ತೆ. ವರ್ಷಕ್ಕೆ ಒಂಬತ್ತು ಕೆಜಿ ಆಯಿತು. ಹಿಕ್ಕೆ ಹಾಕಿ, ಉಚ್ಚೆ ಹುಯ್ದು ಕೆಡಿಸೋದು ಬೇರೆ. ಮನೆಯಲ್ಲಿ ಹತ್ತು ಇಲಿ ಇದ್ದರೆ ಸುಮಾರು ಒಂದು ಕ್ವಿಂಟಾಲ್ ಅವಕ್ಕೇ ಮೀಸಲು. ಆ ನಷ್ಟ ನಿಲ್ಲಿಸಿದರೆ ಅದಕ್ಕಿಂತ ಅಗ್ಗದ ಖರೀದಿ ಯಾವುದಿದೆ ಹೇಳಿ?

ಎಲ್ಲಕ್ಕೂ ಮೂಲ ತೇವ. ಕಾಳಿನಲ್ಲಿ ತೇವ ನೂರಕ್ಕೆ ಹನ್ನೆರಡಕ್ಕಿಂತ ಕಮ್ಮಿ ಇರಬೇಕು, ಬೇಳೆಕಾಳಿನಲ್ಲಿ ಇನ್ನೂ ಕಮ್ಮಿ. ಅಳೆಯೋ ಯಂತ್ರ ಇಲ್ಲದಿದ್ದರೆ ಹಲ್ಲಿದೆ. ಕಚ್ಚಿದರೆ ಕಟ್ ಅಂತ ಮುರೀಬೇಕು, ಮೆದುವಾಗಿ ಅಪ್ಪಚ್ಚಿ ಆಗಬಾರದು. ಇನ್ನೊಂದು ಪರೀಕ್ಷೆ ಉಂಟು. ಚೆನ್ನಾಗಿ ಒಣಗಿದ ಗಾಜಿನ ಸೀಸೆಗೆ ಸ್ವಲ್ಪ ಕಾಳು, ಒಂದು ಚಮಚ ಒಣಗಿಸಿದ ಪುಡಿ ಉಪ್ಪು ಹಾಕಿ ಮುಚ್ಚಿ ಕುಲುಕಿ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಉಪ್ಪು ಗಾಜಿಗೆ ಅಂಟಿದ್ದರೆ ಕಾಳು ಇನ್ನೂ ಹಸಿ ಅಂತ. ಅಂಟದಿದ್ದರೆ ತುಂಬಬಹುದು.

ಒಣಗಿಸಿದ ಕಾಳನ್ನು ಬಿಸಿಬಿಸಿಯಾಗಿ ತುಂಬಬೇಡಿ. ಬಿಸಿ ಕಾಳು ಡ್ರಮ್ಮಿನೊಳಗೆ ಬೆವರಿ, ಆ ನೀರು ಇಳಿದು ಬೂಸ್ಟು ಹಿಡಿಯುತ್ತೆ. ಸಂಜೆ ಮನೆಯೊಳಗೆ ಹರಡಿ, ರಾತ್ರಿಯೆಲ್ಲಾ ಆರಿಸಿ, ಬೆಳಿಗ್ಗೆ ತುಂಬಿ. ಅಕ್ಕಿಯನ್ನು ಮಾತ್ರ ಕಡು ಬಿಸಿಲಿಗೆ ಹಾಕಬೇಡಿ, ಬಿರುಕು ಬಿಟ್ಟು ನುಚ್ಚಾಗುತ್ತೆ. ನೆರಳಲ್ಲಿ ಆರಿಸಿ, ಕೇರಿ ಇಡಿ.

ಅವರೆ, ತೊಗರಿ, ಹೆಸರು, ಅಲಸಂದೆಗೆ ಕುಟ್ಟೆ ಹುಳು ಹೊಲದಿಂದಲೇ ಬರುತ್ತೆ. ಕಾಯಿ ಮೇಲೆ, ಕಾಳಿನ ಮೇಲೆ ಮೊಟ್ಟೆ ಅಂಟಿಸಿರುತ್ತೆ, ನಾವು ನೋಡದೆ ಮನೆಗೆ ತರ್ತೀವಿ. ಹೆಚ್ಚುಕಮ್ಮಿ ಒಂದು ತಿಂಗಳಿಗೆ ಹೊಸ ಪೀಳಿಗೆ ಹಾರಾಡುತ್ತೆ. ಇದಕ್ಕೆ ಕೆಜಿಗೆ ಒಂದು ಚಿಕ್ಕ ಚಮಚ, ಅಂದ್ರೆ 5 ಮಿಲಿಲೀಟರ್ ಹರಳೆಣ್ಣೆಯನ್ನೋ ಕಡಲೆಕಾಯಿ ಎಣ್ಣೆಯನ್ನೋ ಕೈಯಲ್ಲಿ ಚೆನ್ನಾಗಿ ಸವರಿ. ಎಣ್ಣೆ ಮೆತ್ತಿದ ಕಾಳಿನ ಮೇಲೆ ಮೊಟ್ಟೆ ಬದುಕೋದಿಲ್ಲ. ತೊಗರಿಗೆ ಕೆಮ್ಮಣ್ಣು ಕಟ್ಟಿ ಒಣಗಿಸೋ ಹಳೇ ಪದ್ಧತಿಯೂ ಒಳ್ಳೇದೇ. ಬೇಳೆ ಮಾಡಿಟ್ಟರೆ ಇಡೀ ಕಾಳಿಗಿಂತ ಕುಟ್ಟೆ ಕಾಟ ಕಮ್ಮಿ. ಡಬ್ಬದಲ್ಲಿ ಕಾಳು ತುಂಬಿ ಮೇಲೆ ಒಂದು ಬೆರಳು ದಪ್ಪ ಒಣಮರಳು ಹರಡಿದರೂ ಹುಳುವಿಗೆ ದಾರಿ ಮುಚ್ಚಿದ ಹಾಗೆ. ಬೇಸಿಗೆಯಲ್ಲಿ ಇನ್ನೊಂದು ಉಪಾಯ. ಕರಿ ಪ್ಲಾಸ್ಟಿಕ್ ಹಾಳೆ ಹಾಸಿ, ಕಾಳನ್ನು ತೆಳ್ಳಗೆ ಹರಡಿ, ಮೇಲೆ ಬೆಳಕು ತೂರೋ ಹಾಳೆ ಹೊದಿಸಿ, ಅಂಚಿಗೆ ಸುತ್ತ ಕಲ್ಲಿಟ್ಟು ಐದಾರು ಗಂಟೆ ಬಿಡಿ. ಒಳಗೆ ಕಾದ ಕಾವಿಗೆ ಹುಳು ಮೊಟ್ಟೆ ಸಮೇತ ಸಾಯುತ್ತೆ. ಬಿತ್ತನೆ ಬೀಜಕ್ಕೆ ಇದು ಬೇಡ, ಅದಕ್ಕೆ ಬೂದಿಯೋ ಎಣ್ಣೆಯೋ ಸಾಕು. ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕೋರು ಪೂರ್ತಿ ಒಣಗಿಸಿ ಹಾಕಿ. ಹಸಿ ಸೊಪ್ಪು ಹಾಕಿದರೆ ನೀವೇ ತೇವ ಸೇರಿಸಿದ ಹಾಗಾಯಿತು.

ಪಾತ್ರೆ ಯಾವುದು? ಹೊಸ ಡ್ರಮ್ಮೇ ಬೇಕೆಂದಿಲ್ಲ. ಬಿಗಿ ಮುಚ್ಚಳ ಇರೋ ಎಣ್ಣೆ ಡಬ್ಬ ತೊಳೆದು ಒಣಗಿಸಿದರೂ ಸಾಕು, ಒಡೆಯದ ಗುಡಾಣವೂ ಸಾಕು. ಗೋಣಿಚೀಲವನ್ನು ಕುದಿಯೋ ನೀರಲ್ಲಿ ಅದ್ದಿ, ಬಿಸಿಲಲ್ಲಿ ಒಣಗಿಸಿ ಬಳಸಿ. ಈಗ ಮೂರು ಪದರದ, ಗಾಳಿಯಾಡದ ಚೀಲ ಬಂದಿವೆ. ಹಗೇವಿನ ತತ್ವವೇ ಅದರಲ್ಲೂ ಇರೋದು, ಒಳಗಿನ ಪ್ರಾಣವಾಯು ತೀರಿ ಹುಳು ಸಾಯುತ್ತೆ. ಚೀಲವಾಗಲಿ ಡ್ರಮ್ಮಾಗಲಿ ಬರೀ ನೆಲದ ಮೇಲೆ ಇಡಬೇಡಿ, ಹಲಗೆ ಮೇಲೆ, ಗೋಡೆಗೆ ಒಂದು ಮೊಳ ಬಿಟ್ಟು ಇಡಿ. ಹಳೇದರ ಮೇಲೆ ಹೊಸದು ಸುರೀಬೇಡಿ. ಹಳೇದು ಮುಂದೆ, ಹೊಸದು ಹಿಂದೆ. ತುಂಬಿದ ತಿಂಗಳನ್ನು ಮುಚ್ಚಳದ ಮೇಲೆ ಬರೀರಿ. ಹಿಟ್ಟು ಮಾತ್ರ ಹದಿನೈದು ದಿನಕ್ಕೆ ಬೇಕಾದಷ್ಟೇ ಬೀಸಿಸಿ. ರಾಗಿ ವರ್ಷಗಟ್ಟಲೆ ಬಾಳುತ್ತೆ, ರಾಗಿಹಿಟ್ಟು ಬಾಳೋದಿಲ್ಲ.

ಜೀವಕ್ಕೆ ಸಂಬಂಧಪಟ್ಟ ಮೂರು ಮಾತು

ಇದು ಬಹಳ ಮುಖ್ಯ, ಸ್ವಲ್ಪ ಗಮನ ಕೊಡಿ.

ಒಂದು, ಗೊಬ್ಬರದಂಗಡಿಯಲ್ಲಿ ಕಾಳಿಗೆ ಹಾಕೋ ಮಾತ್ರೆ ಅಂತ ಕೇಳಿ ತರ್ತಾರಲ್ಲ, ಅಲ್ಯೂಮಿನಿಯಂ ಫಾಸ್ಫೈಡ್, ಅದನ್ನು ಮನೆಯೊಳಗೆ ತರಲೇಬೇಡಿ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಅನ್ನೋ ವಿಷದ ಗಾಳಿ ಏಳುತ್ತೆ. ಮನುಷ್ಯ ಮಲಗೋ ಕೋಣೆಯ ಕಾಳಿಗೆ ಅದನ್ನು ಹಾಕಿದರೆ ಹುಳುವಿನ ಜೊತೆ ಮನೆಯವರ ಜೀವವೂ ಹೋಗಬಹುದು. ಆ ವಿಷಕ್ಕೆ ಇಂಥದ್ದೇ ಅಂತ ಮದ್ದಿಲ್ಲ. ಸರ್ಕಾರದ ತಜ್ಞರು ಇಲ್ಲವೇ ತರಬೇತಾದ ಕೀಟ ನಿಯಂತ್ರಕರು ಮಾತ್ರ ಅದನ್ನು ಬಳಸಬೇಕು ಅಂತ ಕಾನೂನೇ ಇದೆ.

ಎರಡು, ಬೂಸ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳ ಮನುಷ್ಯರಿಗೂ ಬೇಡ, ದನಕರುಗಳಿಗೂ ಬೇಡ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ಈಲಿ ಕೆಟ್ಟು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಆ ವಿಷದ ಹೆಸರು ಅಫ್ಲಾಟಾಕ್ಸಿನ್. ತೊಳೆದರೂ ಹೋಗೋದಿಲ್ಲ, ಬೇಯಿಸಿದರೂ ಹೋಗೋದಿಲ್ಲ. ದುಡ್ಡು ಕೊಟ್ಟಿದ್ದೀವಿ ಅಂತ ಮರುಗಿ ತಿನ್ನಬೇಡಿ.

ಮೂರು, ಬಣ್ಣ ಹಚ್ಚಿದ ಬಿತ್ತನೆ ಬೀಜ ಮಿಕ್ಕಿದರೆ ಅಡುಗೆಮನೆಗೆ ಬರಕೂಡದು. ಗೊಬ್ಬರದ ಚೀಲ, ಔಷಧಿ ಡಬ್ಬ ಎಷ್ಟು ತೊಳೆದರೂ ಕಾಳು ತುಂಬೋಕೆ ಬರೋದಿಲ್ಲ.

ಸಂಘದ ಮುಂದೆ ಒಂದು ಬಿನ್ನಹ

ಮನೆಯವರು ಮಾಡೋದು ಇಷ್ಟು. ಸಂಘ ಏನು ಮಾಡಬಹುದು? ಅಧ್ಯಕ್ಷರು ತಪ್ಪು ತಿಳಿಯಬಾರದು. ಸುಗ್ಗಿ ಬಂದ ಹೊತ್ತಿಗೇ ಸಾಲದ ಕಂತಿನ ಗಡುವೂ ಬರುತ್ತೆ. ಕಂತು ಕಟ್ಟೋಕೆ ಅಂತ ರೈತ ಊಟದ ರಾಗಿಯನ್ನೂ ಮಾರಿಬಿಡ್ತಾನೆ. ಸಂಘದ ವಸೂಲಾತಿ ಚೆನ್ನಾಗಿ ಕಾಣುತ್ತೆ, ಸದಸ್ಯನ ಗುಡಾಣ ಬರಿದಾಗುತ್ತೆ. ಕಾಳನ್ನು ಅಡವಿಟ್ಟುಕೊಂಡು ಸಾಲ ಕೊಡೋ ಪದ್ಧತಿ ಸಹಕಾರ ಕ್ಷೇತ್ರದಲ್ಲಿ ಹೊಸದೇನಲ್ಲ. ಸಂಘದ ಗೋದಾಮಿನಲ್ಲಿ ಸದಸ್ಯರ ಕಾಳು ಇರಿಸಿಕೊಂಡು, ಅದರ ಮೇಲೆ ಸ್ವಲ್ಪ ಹಣ ಕೊಟ್ಟು, ದರ ಏರಿದಾಗ ಮಾರಲು ಅನುವು ಮಾಡಿದರೆ ಕಂತೂ ಬರುತ್ತೆ, ಕಾಳೂ ಉಳಿಯುತ್ತೆ.

ಎರಡನೇ ಬಿನ್ನಹ. ಹೊಲ ಇಲ್ಲದ ಸದಸ್ಯೆಯರಿಗೆ ಸಂಕ್ರಾಂತಿ ಹೊತ್ತಿನಲ್ಲಿ ಕಾಳು ಕೊಳ್ಳೋಕೆ ಅಂತ ಸಣ್ಣ ಮುಂಗಡ ಕೊಡಿ, ತಿಂಗಳ ಕಂತಿನಲ್ಲಿ ವಾಪಸು ಪಡೆಯಿರಿ. ಆಷಾಢದಲ್ಲಿ ಕೊಡೋ ಸಾವಿರ ರೂಪಾಯಿಗಿಂತ ಸುಗ್ಗಿಯಲ್ಲಿ ಕೊಡೋ ಸಾವಿರ ರೂಪಾಯಿಗೆ ಹೆಚ್ಚು ಕಾಳು ಬರುತ್ತೆ. ಮೂರನೇದು, ತೊಗರಿಬೇಳೆ, ಬೆಲ್ಲ, ಮೆಣಸಿನಕಾಯಿ ಸಂಘದ ಮೂಲಕ ಒಟ್ಟಿಗೆ ಸಗಟಾಗಿ ತರಿಸಿ ಸದಸ್ಯರಿಗೆ ಅಸಲು ದರಕ್ಕೆ ಹಂಚಿ. ಹತ್ತು ಮನೆಯವರು ಹತ್ತು ಸಲ ಬಸ್ಸಿನಲ್ಲಿ ಹೋಗಿ ಬರೋ ಖರ್ಚೂ ಉಳಿಯುತ್ತೆ. ತೇವ ಅಳೆಯೋ ಯಂತ್ರ ಒಂದನ್ನು ಸಂಘದಲ್ಲಿ ಇಟ್ಟರೆ ಇಡೀ ಊರಿಗೆ ಆಗುತ್ತೆ. ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಇದೆ, ಜಿಲ್ಲೆಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಅಲ್ಲಿಯವರನ್ನು ಕರೆಸಿ ಒಂದು ದಿನದ ತರಬೇತಿ ಮಾಡಿಸಿದರೆ ಇನ್ನೂ ಒಳ್ಳೇದು.

ಕೊನೆಯದಾಗಿ ಒಂದು ಮಾತು. ದಾಸ್ತಾನು ಬೇರೆ, ಕಳ್ಳದಾಸ್ತಾನು ಬೇರೆ. ದರ ಏರಲಿ ಅಂತ ಕಾಯ್ತಾ ಪಕ್ಕದ ಮನೆಯ ಮಗು ಹಸಿದಿರೋದನ್ನು ನೋಡೋದು ನಮ್ಮ ಹಿರಿಯರ ಪದ್ಧತಿ ಅಲ್ಲ. ಕಣಜದ ಕಾಳು ಮನೆಗೆ ಮೊದಲು, ಕಷ್ಟ ಬಂದಾಗ ನೆರೆಯವರಿಗೂ ಒಂದು ಸೇರು. ಸೇರು ಕೊಟ್ಟು ಸೇರೇ ವಾಪಸು ಪಡೆದರೆ ಅದು ಸಹಕಾರ, ಒಂದೂವರೆ ಸೇರು ಕೇಳಿದರೆ ಅದು ಬಡ್ಡಿ ವ್ಯಾಪಾರ. ಸಂಘದ ಪಾಠ ಇಷ್ಟೇ ಅಲ್ಲವೇ?

ಬರೋ ಸಂಕ್ರಾಂತಿಗೆ ಇಲ್ಲಿರೋ ಪ್ರತಿಯೊಬ್ಬ ತಾಯಿಯೂ ಒಂದು ಗಡಿಗೆ, ಒಂದೇ ಒಂದು ಗಡಿಗೆ, ತೊಳೆದು ಒಣಗಿಸಿ ಬೇರೆ ಇಡಿ. ಅದರಲ್ಲಿ ಏನು ತುಂಬಬೇಕು ಅಂತ ನಿಮ್ಮ ಬಾಗಿಲ ಹಿಂದಿನ ಗೀಟುಗಳೇ ಹೇಳ್ತವೆ. ಮುಂದಿನ ಆಷಾಢದಲ್ಲಿ ಅಂಗಡಿಯ ಚೀಟಿಯಲ್ಲಿ ನಿಮ್ಮ ಮನೆಯ ಹೆಸರಿನ ಮುಂದೆ ಒಂದು ಸಾಲು ಕಮ್ಮಿಯಾದರೂ ಸರಿ, ಇವತ್ತು ನಾವೆಲ್ಲ ಇಲ್ಲಿ ಕೂತಿದ್ದು ಸಾರ್ಥಕ.